'ಶಿಕ್ಷಿಸು' ಮತ್ತು 'ಕಂದಾ'

ನಮ್ಮ ಮನೆಯ ಹಳೆಯ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ಜ್ಞಾನೋಕ್ತಿಗಳ ಪುಸ್ತಕದ 22ನೆಯ ಅಧ್ಯಾಯವಿರುವ ಪುಟ ಉಳಿದ ಪುಟಗಳಿಗಿಂತ ಹೆಚ್ಚು ಮಾಸಿದೆ. ಅದರ 6ನೆಯ ವಾಕ್ಯದ ಕೆಳಗೆ ಅಪ್ಪ ಕೆಂಪು ಶಾಯಿಯಲ್ಲಿ, ಸ್ಕೇಲ್ ಇಟ್ಟು, ನೇರವಾಗಿ ಗೆರೆ ಎಳೆದಿದ್ದಾರೆ: "ನಡೆಯಬೇಕಾದ ಮಾರ್ಗಕ್ಕೆ ತಕ್ಕಂತೆ ಹುಡುಗನನ್ನು ಶಿಕ್ಷಿಸು, ಮುಪ್ಪಿನಲ್ಲಿಯೂ ಓರೆಯಾಗನು." ಅಪ್ಪ ಉಡುಪಿ ಕಡೆಯ ಒಂದು ಶಾಲೆಯಲ್ಲಿ ಮಾಸ್ತರರಾಗಿದ್ದವರು. ಮನೆಯ ಕಪಾಟಿನ ಮೇಲೆ ಅವರದೊಂದು ನಾಗರಬೆತ್ತ ಇರುತ್ತಿತ್ತು. ನಾನೋ ತಮ್ಮನೋ ಏನಾದರೂ ತಪ್ಪು ಮಾಡಿದ ದಿನ ಅದು ತಕ್ಷಣ ಕೆಳಗಿಳಿಯುತ್ತಿರಲಿಲ್ಲ. ಸಂಜೆಯ ಕುಟುಂಬ ಪ್ರಾರ್ಥನೆ ಮುಗಿದು, ಈ ವಾಕ್ಯವನ್ನು ಅವರು ನಿಧಾನವಾಗಿ ಓದಿ, ನಾವು ಅದನ್ನು ಬಾಯಿಪಾಠ ಒಪ್ಪಿಸಿದ ಮೇಲೆ ಇಳಿಯುತ್ತಿತ್ತು. ಆದ್ದರಿಂದ ನನಗೆ ಕಂಠಪಾಠವಾದ ಮೊದಲ ವಾಕ್ಯಗಳಲ್ಲಿ ಇದೂ ಒಂದು, ಮತ್ತು ಬಹಳ ಕಾಲ ಅದರ ಅರ್ಥ ನನ್ನ ಅಂಗೈಯಲ್ಲೇ ಇತ್ತು.

ಅಪ್ಪ ಕ್ರೂರಿಯಾಗಿರಲಿಲ್ಲ. ಅವರ ಕಾಲದಲ್ಲಿ ಬೆತ್ತವಿಲ್ಲದ ಮಾಸ್ತರರೂ ಅಪರೂಪ, ಬೆತ್ತವಿಲ್ಲದ ಮನೆಯೂ ಅಪರೂಪ. ಅದರಲ್ಲಿ ಜಾತಿ ಮತಗಳ ಭೇದವಿರಲಿಲ್ಲ. ನೆರೆಯ ಮನೆಗಳಲ್ಲಿ ಹೊಡೆಯುವವರು ಸಿಟ್ಟಿನಿಂದ ಹೊಡೆಯುತ್ತಿದ್ದರು, ನಮ್ಮ ಮನೆಯಲ್ಲಿ ವಾಕ್ಯ ಹೇಳಿ ಹೊಡೆಯುತ್ತಿದ್ದರು, ವ್ಯತ್ಯಾಸ ಅಷ್ಟೇ. ಸಿಟ್ಟು ಇಳಿದ ಮೇಲೆ ನೆರೆಯ ಅಪ್ಪಂದಿರು ಮಗನನ್ನು ಕರೆದು ತಲೆ ಸವರುವುದಿತ್ತು. ವಾಕ್ಯ ಹೇಳಿ ಹೊಡೆದವರಿಗೆ ಹಾಗೆ ಹಿಂದೆಗೆಯಲು ಜಾಗವಿರುವುದಿಲ್ಲ ಎಂಬುದು ನಾನೇ ತಂದೆಯಾದ ಮೇಲೆ ನನಗೆ ಹೊಳೆಯಿತು.

ಕನ್ನಡದಲ್ಲಿ 'ಶಿಕ್ಷಿಸು' ಎಂಬ ಪದ ಎರಡು ಹೋಳಾಗಿ ಒಂದು ಹೋಳು ಕಳೆದುಹೋಗಿದೆ. ಶಿಕ್ಷಣ, ಶಿಕ್ಷಕ, ಶಿಕ್ಷೆ ಮೂರೂ ಒಂದೇ ಬೇರಿನವು. ಸಂಸ್ಕೃತದಲ್ಲಿ ಶಿಕ್ಷಾ ಎಂದರೆ ಕಲಿಕೆ, ಕಲಿಸುವಿಕೆ. ಆದರೆ ಇವತ್ತು ಶಾಲೆಯ ವೇಳಾಪಟ್ಟಿಯಲ್ಲಿ 'ದೈಹಿಕ ಶಿಕ್ಷಣ' ಎಂದಿದ್ದರೆ ಮಕ್ಕಳು ಕುಣಿಯುತ್ತಾರೆ, 'ದೈಹಿಕ ಶಿಕ್ಷೆ' ಎಂದರೆ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ಎದ್ದು ನಿಲ್ಲುತ್ತದೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರ ದುಡಿಮೆಯಿಂದ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂದದ್ದು 1831ರಲ್ಲಿ. ಆಮೇಲೆ ಅದು ಹಲವು ಕೈಗಳಲ್ಲಿ ತಿದ್ದುಪಡಿಗೊಂಡಿತು. ನಾವು ಓದುವ ಸತ್ಯವೇದದ ಕನ್ನಡದಲ್ಲಿ 'ಇರುವುದು' ಇನ್ನೂ 'ಇರುವದು' ಎಂದೇ ಇದೆ. ಕಾಗುಣಿತದ ಹಳಮೆ ಕಣ್ಣಿಗೆ ಬೀಳುತ್ತದೆ, ಅರ್ಥದ ಹಳಮೆ ಬೀಳುವುದಿಲ್ಲ. ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲನು ತಂದೆಗಳಿಗೆ ಹೇಳುವ ಮಾತಿನಲ್ಲಿ 'ಬಾಲಶಿಕ್ಷೆ' ಎಂಬ ಪದವಿದೆ. ಅದನ್ನು ಮಕ್ಕಳಿಗೆ ಏಟು ಕೊಡುವುದು ಎಂದು ಯಾರೂ ಓದುವುದಿಲ್ಲ, ಏಕೆಂದರೆ ಅದರ ಪಕ್ಕದಲ್ಲೇ 'ಬಾಲೋಪದೇಶ'ವಿದೆ ಮತ್ತು ಅದಕ್ಕೂ ಮೊದಲು ಮಕ್ಕಳಿಗೆ ಕೋಪವನ್ನೆಬ್ಬಿಸಬೇಡಿರಿ ಎಂಬ ಎಚ್ಚರಿಕೆಯಿದೆ. ಜ್ಞಾನೋಕ್ತಿಯ 'ಶಿಕ್ಷಿಸು'ವಿಗೆ ಅಂಥ ನೆರೆಹೊರೆ ಇಲ್ಲ. ಅದು ಒಂಟಿಯಾಗಿ ನಿಂತಿದೆ, ಆದ್ದರಿಂದ ಬೆತ್ತಕ್ಕೆ ಸುಲಭವಾಗಿ ಸಿಕ್ಕಿತು.

ಮೂಲ ಹೀಬ್ರೂವಿನಲ್ಲಿ ಅಲ್ಲಿರುವ ಕ್ರಿಯಾಪದ 'ಹನೋಕ್'. ಯೆಹೂದ್ಯರ ಹನುಕ್ಕಾ ಹಬ್ಬದ ಹೆಸರಿನ ಬೇರೂ ಅದೇ. ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಹೊಸ ಮನೆ ಕಟ್ಟಿಸಿ ಇನ್ನೂ ಅದರೊಳಗೆ ಕಾಲಿಡದವನು ಯುದ್ಧಕ್ಕೆ ಬರುವುದು ಬೇಡ, ಮನೆಗೆ ಹಿಂದಿರುಗಲಿ ಎಂಬ ಮಾತು ಬರುತ್ತದಲ್ಲ, ಅಲ್ಲಿಯೂ ಇದೇ ಪದ. ಸೊಲೊಮೋನನು ದೇವಾಲಯವನ್ನು ಪ್ರತಿಷ್ಠಿಸಿದ ಪ್ರಸಂಗದಲ್ಲಿಯೂ ಇದೇ ಪದ. ನಮ್ಮ ಮಾತಿನಲ್ಲಿ ಇದಕ್ಕೆ ತೀರ ಹತ್ತಿರವಾದದ್ದು ಗೃಹಪ್ರವೇಶವೇ ಇರಬೇಕು. ಹೊಸ ಮನೆಯನ್ನು ಬಳಕೆಗೆ ತೆರೆಯುವಾಗ ಯಾರೂ ಗೋಡೆಗೆ ಬಡಿಯುವುದಿಲ್ಲ. ಗುಡಿಸಿ, ಒರೆಸಿ, ದೀಪ ಹಚ್ಚಿ, ನಾಲ್ಕು ಜನರನ್ನು ಕರೆದು, ಇದು ಇನ್ನು ಇಂಥ ಕೆಲಸಕ್ಕೆ ಎಂದು ಒಪ್ಪಿಸಿಕೊಡುತ್ತಾರೆ. ಇನ್ನೊಂದು ಸಂಗತಿಯೂ ಇದೆ. 'ನಡೆಯಬೇಕಾದ ಮಾರ್ಗ' ಎಂದು ಕನ್ನಡಕ್ಕೆ ಬಂದಿರುವಲ್ಲಿ ಹೀಬ್ರೂವಿನಲ್ಲಿ ಇರುವುದು 'ಅವನ ಮಾರ್ಗ' ಎಂದಷ್ಟೇ. ಅದನ್ನು ಅವನು ನಡೆಯಬೇಕಾದ ದಾರಿ ಎಂದೂ ಓದಬಹುದು, ಅವನಿಗೆ ಒಗ್ಗುವ, ಅವನದೇ ಆದ ದಾರಿ ಎಂದೂ ಓದಬಹುದು. ಎರಡು ಬಗೆಯಲ್ಲಿ ಓದಿದ ಪಂಡಿತರೂ ಇದ್ದಾರೆ. ಈ ಅನುಮಾನವನ್ನು ನಾನು ಪರಿಹರಿಸಲಾರೆ. ಎರಡು ಮಕ್ಕಳ ತಂದೆಯಾಗಿ, ಇಬ್ಬರಿಗೂ ಒಂದೇ ಅಳತೆಯ ಅಂಗಿ ಹೊಲಿಸಲು ಹೋಗಿ ಸೋತವನಾಗಿ, ಎರಡನೆಯ ಓದಿನ ಕಡೆಗೆ ನನ್ನ ಮನಸ್ಸು ವಾಲುತ್ತದೆ.

ಇಷ್ಟೆಲ್ಲ ತಿಳಿದುಕೊಂಡದ್ದು ನಾನು ಹೊಡೆದ ಮೇಲೆ. ಮಗನಿಗೆ ಆಗ ಒಂಬತ್ತು ವರ್ಷ. ಗಣಿತದ ಟೆಸ್ಟ್ ಪೇಪರಿನಲ್ಲಿ ಇಪ್ಪತ್ತೈದಕ್ಕೆ ಏಳು ಬಂದಿತ್ತು, ಕೆಳಗೆ ಪೋಷಕರ ಸಹಿಯ ಜಾಗದಲ್ಲಿ ನನ್ನ ಸಹಿ ಇತ್ತು, ಆದರೆ ನಾನು ಹಾಕಿದ್ದಲ್ಲ. ನನ್ನ ಸಹಿಯ ಕೊನೆಯ ಬಾಲವನ್ನು ಅವನು ಎಷ್ಟು ಕಾಳಜಿಯಿಂದ ಎಳೆದಿದ್ದನೆಂದರೆ ಪೆನ್ನಿನ ಒತ್ತಡಕ್ಕೆ ಕಾಗದ ಹಿಂಬದಿಯಲ್ಲಿ ಉಬ್ಬಿಕೊಂಡಿತ್ತು. ಅವನ ಕಂಪಾಸು ಪೆಟ್ಟಿಗೆಯ ಪಕ್ಕದಲ್ಲೇ ಇದ್ದ ಮರದ ಸ್ಕೇಲಿನಿಂದ ಮೀನಖಂಡಕ್ಕೆ ಮೂರು ಹೊಡೆದೆ. ಹೊಡೆಯುತ್ತ ವಾಕ್ಯವನ್ನೂ ಹೇಳಿದೆ. ನನ್ನ ಬಾಯಿಂದ ಹೊರಟ ಧ್ವನಿ ಅಪ್ಪನದ್ದೇ ಆಗಿತ್ತು. ಪಕ್ಕದ ಕೋಣೆಯಿಂದ ಬಂದ ಹೆಂಡತಿ ಏನೂ ಹೇಳದೆ ಸ್ಕೇಲನ್ನು ಮಾತ್ರ ತೆಗೆದುಕೊಂಡು ಹೋದಳು.

ನಮ್ಮಲ್ಲಿ ತಿಂಗಳ ತಾರೀಖಿಗೆ ಸರಿಯಾಗಿ ಜ್ಞಾನೋಕ್ತಿಗಳ ಒಂದೊಂದು ಅಧ್ಯಾಯ ಓದುವ ರೂಢಿಯಿದೆ. 31 ಅಧ್ಯಾಯ, 31 ದಿನ, ಲೆಕ್ಕ ಹೊಂದುತ್ತದೆ. ಅಂದು 3ನೆಯ ತಾರೀಖು. 3ನೆಯ ಅಧ್ಯಾಯ ತೆರೆದೆ. ಅದರ ಮೊದಲ ಪದ 'ಕಂದಾ'. ಮಗ ಎದುರಿಗೆ ಚಾಪೆಯ ಮೇಲೆ ಕಾಲು ಮಡಚಿ, ಸ್ಕೇಲಿನ ಗುರುತು ಕಾಣದ ಹಾಗೆ ಲುಂಗಿಯಂತೆ ಟವೆಲ್ ಹೊದ್ದು ಕುಳಿತಿದ್ದ. ಆ ಪದವನ್ನು ಅವನ ಮುಖ ನೋಡಿಕೊಂಡು ಹೇಳಲು ನನಗೆ ಆಗಲಿಲ್ಲ. ಗಂಟಲು ಸರಿಪಡಿಸಿಕೊಂಡವನಂತೆ ಮಾಡಿ ಎರಡನೆಯ ಪದದಿಂದ ಓದತೊಡಗಿದೆ. ಅವನು ಗಮನಿಸಿದನೋ ಇಲ್ಲವೋ, ಹೆಂಡತಿ ಗಮನಿಸಿದಳು.

ಮರುದಿನ ಸ್ಕೂಟರಿನಲ್ಲಿ ಶಾಲೆಗೆ ಬಿಡಲು ಹೋಗುವಾಗ ಮಾತಾಡಿದೆವು. ಬೆಂಗಳೂರಿನ ಟ್ರಾಫಿಕ್ಕಿನಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದು ನಮ್ಮಂಥ ಅಪ್ಪಂದಿರಿಗೆ. ಮಗ ಬೆನ್ನ ಹಿಂದೆ ಕುಳಿತಿರುತ್ತಾನೆ, ಮುಖ ನೋಡುವ ಪ್ರಮೇಯವಿಲ್ಲ, ಸಿಗ್ನಲ್ ಉದ್ದವಿರುತ್ತದೆ. ಸಹಿ ಯಾಕೆ ಹಾಕಿದೆ ಎಂದು ಕೇಳಿದೆ. ಹೊಡೆಯುತ್ತೀರಿ ಎಂದು ಹೆದರಿ, ಎನ್ನುತ್ತಾನೆಂದು ನಿರೀಕ್ಷಿಸಿದ್ದೆ. ಅವನು ಹೇಳಿದ್ದು ಬೇರೆ. "ಭಾನುವಾರ ಮನೆಕೂಟಕ್ಕೆ ಎಲ್ಲರೂ ಬರ್ತಾರಲ್ಲ ಅಪ್ಪ, ಆಗ ಪ್ರಾರ್ಥನೆಯಲ್ಲಿ ಹೇಳಿಬಿಡ್ತೀರಿ."

ಅವನು ಹೇಳಿದ್ದು ನಿಜ. ಹಿಂದಿನ ಸಲ ಹಾಗೆ ಮಾಡಿದ್ದೆ. ಸಭೆಯ ಆರೇಳು ಕುಟುಂಬಗಳು ನಮ್ಮ ಹಜಾರದಲ್ಲಿ ಕುಳಿತಿದ್ದಾಗ, ಕಣ್ಣು ಮುಚ್ಚಿ, ಬಹಳ ಭಕ್ತಿಯಿಂದ, ಕರ್ತನೇ, ನಮ್ಮ ಮಗನಿಗೆ ಗಣಿತದಲ್ಲಿ ತಿಳುವಳಿಕೆಯನ್ನೂ ಓದಿನಲ್ಲಿ ಶ್ರದ್ಧೆಯನ್ನೂ ದಯಪಾಲಿಸು ಎಂದು ಬೇಡಿಕೊಂಡಿದ್ದೆ. ಆಮೆನ್ ಎಂದ ಮೇಲೆ ಒಬ್ಬ ಹಿರಿಯರು ಅವನ ಬೆನ್ನು ತಟ್ಟಿ, ಟ್ಯೂಷನ್ ಹಾಕಿಸಿ ಎಂದು ನನಗೆ ಸಲಹೆ ಕೊಟ್ಟಿದ್ದರು. ದೇವರಿಗೆ ಮಗನ ಅಂಕಪಟ್ಟಿ ಗೊತ್ತಿಲ್ಲವೆಂದಲ್ಲ. ಆ ಪ್ರಾರ್ಥನೆಯ ಮುಖ ದೇವರ ಕಡೆಗಿರಲಿಲ್ಲ. ನಮ್ಮ ಮನೆಗಳಲ್ಲಿ ಇದು ಎಷ್ಟು ನಡೆಯುತ್ತದೆಂಬುದನ್ನು ನಾವು ಒಪ್ಪಿಕೊಳ್ಳುವುದಿಲ್ಲ. ಕಣ್ಣು ಮುಚ್ಚಿಕೊಂಡು ಬೈಯುವುದು, ಬೈಯಿಸಿಕೊಂಡವನ ಬಾಯಿಂದಲೇ ಆಮೆನ್ ಹೇಳಿಸುವುದು. ಕೊಲೊಸ್ಸೆಯವರ ಪತ್ರದಲ್ಲಿ ತಂದೆಗಳು ಮಕ್ಕಳನ್ನು ಕೆಣಕಿ ಅವರ ಮನಗುಂದಿಸಬಾರದು ಎಂದು ಹೇಳಿರುವುದು ಬೆತ್ತಕ್ಕಿಂತ ಹೆಚ್ಚಾಗಿ ಇಂಥದ್ದಕ್ಕೆ ಅನ್ವಯಿಸುತ್ತದೆಂದು ನನಗೆ ಅನ್ನಿಸುತ್ತದೆ. ಆ ಸಿಗ್ನಲ್ಲಿನಲ್ಲಿ ಅವನ ಕ್ಷಮೆ ಕೇಳಿದೆ, ಎರಡಕ್ಕೂ. ಅವನು ಹೆಲ್ಮೆಟ್ಟಿನೊಳಗಿಂದ "ಹೂಂ" ಎಂದ. ಹಸಿರು ದೀಪ ಬಂತು.

ಆಮೇಲೆ ಜ್ಞಾನೋಕ್ತಿಗಳನ್ನು ಮೊದಲಿನಿಂದ, ತಾರೀಖಿನ ಹಂಗಿಲ್ಲದೆ ಓದಿದೆ. ಅಪ್ಪ ಗೆರೆ ಎಳೆಯದ ಜಾಗಗಳನ್ನೇ ಹುಡುಕಿಕೊಂಡು ಓದಿದೆ ಎಂದರೂ ತಪ್ಪಿಲ್ಲ. ಮೊದಲ 9 ಅಧ್ಯಾಯಗಳಲ್ಲಿ ಬೆತ್ತದ ಮಾತೇ ಇಲ್ಲ. ಅಲ್ಲಿರುವುದು ಮಾತು: ಒಬ್ಬ ತಂದೆ ಮಗನನ್ನು ಮತ್ತೆ ಮತ್ತೆ ಕರೆದು, ಕೆಟ್ಟ ಸಹವಾಸದ ಬಗ್ಗೆ, ಸಾಲಕ್ಕೆ ಹೊಣೆ ನಿಲ್ಲುವುದರ ಬಗ್ಗೆ, ಪರಸ್ತ್ರೀಯ ಬಗ್ಗೆ, ಸೋಮಾರಿತನದ ಬಗ್ಗೆ ಉದ್ದುದ್ದ ಮಾತಾಡುತ್ತಾನೆ. ಹೀಬ್ರೂವಿನ 'ನನ್ನ ಮಗನೇ' ಎಂಬುದಕ್ಕೆ ನಮ್ಮ ಅನುವಾದಕರು ಹಲವು ಕಡೆ 'ಕಂದಾ' ಎಂದು ಬರೆದರು. ಯಾವ ಪುಣ್ಯಾತ್ಮನಿಗೆ ಆ ಪದ ಹೊಳೆಯಿತೋ! 'ಮಗನೇ' ಎಂಬುದು ಜಗಳದಲ್ಲೂ ಬರುವ ಮಾತು. ಕಂದಾ ಎಂದು ಕರೆದ ಬಾಯಿಂದ ಜಗಳ ಬರುವುದಿಲ್ಲ. ತೊಟ್ಟಿಲ ಪಕ್ಕದ ಪದವನ್ನು ತಂದು ಪ್ರಾಯಕ್ಕೆ ಬರುತ್ತಿರುವ ಹುಡುಗನನ್ನು ಅದರಿಂದ ಕರೆಯುವುದರಲ್ಲಿ ಒಂದು ತಿಳುವಳಿಕೆಯಿದೆ.

4ನೆಯ ಅಧ್ಯಾಯದಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿಕೊಂಡ ಒಂದು ತಿರುವು ಇದೆ. ಬುದ್ಧಿ ಹೇಳುತ್ತಿರುವ ತಂದೆ ನಡುವೆ ತಡೆದು, ನಾನೂ ನನ್ನ ತಂದೆಗೆ ಮಗನಾಗಿದ್ದವನು, ತಾಯಿಗೆ ಮುದ್ದಿನವನಾಗಿದ್ದವನು, ಆಗ ಅವನು ನನಗೆ ಹೀಗೆ ಹೇಳಿದ್ದ ಎನ್ನುತ್ತಾನೆ. ನನ್ನ ಅಪ್ಪ ತಮ್ಮ ಬಾಲ್ಯದ ಮಾತು ಎಂದೂ ಎತ್ತಲಿಲ್ಲ. ಅವರು ಹುಟ್ಟುವಾಗಲೇ ಮಾಸ್ತರರಾಗಿ ಹುಟ್ಟಿದ್ದರೇನೋ ಎಂದು ನಾವು ನಂಬಿದ್ದೆವು. ಅವರೂ ಒಮ್ಮೆ ಚರ್ಚಿನ ಕಾಣಿಕೆಗೆಂದು ಕೊಟ್ಟ ನಾಲ್ಕಾಣೆಗೆ ಕಡಲೆ ಕೊಂಡು ತಿಂದು ಸಿಕ್ಕಿಬಿದ್ದಿದ್ದರೆಂಬುದು ಅಜ್ಜಿ ತೀರಿಕೊಳ್ಳುವ ವರ್ಷ, ಅದೂ ಅಪ್ಪ ಮನೆಯಲ್ಲಿ ಇಲ್ಲದಾಗ, ನಮಗೆ ಗೊತ್ತಾಯಿತು. ಅದು ಮೊದಲೇ ಗೊತ್ತಿದ್ದರೆ ಅವರ ಬೆತ್ತದ ಭಯ ಕಡಿಮೆಯಾಗುತ್ತಿತ್ತೋ ಏನೋ. ಅವರ ಮಾತಿನ ತೂಕ ಮಾತ್ರ ಹೆಚ್ಚಾಗುತ್ತಿತ್ತು.

ಹಾಗೆಂದು ಬೆತ್ತದ ವಾಕ್ಯಗಳನ್ನು ನಾನು ತೊಳೆದು ಬೆಳ್ಳಗೆ ಮಾಡಲಾರೆ. ಕುರುಬನ ಕೋಲಿಗೂ ಇದೇ ಹೀಬ್ರೂ ಪದ, 23ನೆಯ ಕೀರ್ತನೆಯಲ್ಲಿ ಧೈರ್ಯ ಕೊಡುವ ದೊಣ್ಣೆಯೂ ಅದೇ, ಆದ್ದರಿಂದ ಬೆತ್ತವೆಂದರೆ ದಾರಿ ತೋರಿಸುವ ಕೋಲು ಮಾತ್ರ ಎಂದು ಈಚೆಗೆ ಕೆಲವು ಬೋಧಕರು ಹೇಳುವುದನ್ನು ಕೇಳಿದ್ದೇನೆ. ಕೇಳಲು ಹಿತವಾಗಿದೆ, ಆದರೆ 23ನೆಯ ಅಧ್ಯಾಯದ 13 ಮತ್ತು 14ನೆಯ ವಾಕ್ಯಗಳು ಹೊಡೆಯುವುದನ್ನೇ ಹೇಳುತ್ತವೆ. ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಮೊಂಡನಾದ ಮಗನನ್ನು ಊರ ಹಿರಿಯರ ಮುಂದೆ ತಂದು ಕಲ್ಲೆಸೆದು ಕೊಲ್ಲಬೇಕೆಂಬ ವಿಧಿಯೂ ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದಲ್ಲಿದೆ, ಅದನ್ನು ಯಾವ ಭಕ್ತನೂ ತನ್ನ ಮನೆಯ ವಿಧಿಯೆಂದು ಓದುವುದಿಲ್ಲ. ಅಂದರೆ ನಾವೆಲ್ಲರೂ ಓದುವಾಗ ಯಾವುದನ್ನು ಕೈಗೆ ತೆಗೆದುಕೊಳ್ಳಬೇಕು, ಯಾವುದನ್ನು ಆ ಕಾಲದವರಿಗೆ ಬಿಡಬೇಕು ಎಂದು ಆರಿಸಿಕೊಳ್ಳುತ್ತಲೇ ಇದ್ದೇವೆ. ಆರಿಸುತ್ತಿಲ್ಲವೆಂದು ಹೇಳುವವರು ಗೆರೆ ಎಳೆದ ಪುಟವನ್ನು ಮಾತ್ರ ತೆರೆಯುವವರು. ಆ ಎರಡು ವಾಕ್ಯಗಳ ನಂತರ, 15ನೆಯದರಲ್ಲಿ, ಅದೇ ತಂದೆ ಮಗನನ್ನು ಕರೆದು, ನಿನ್ನ ಹೃದಯಕ್ಕೆ ಜ್ಞಾನ ಬಂದರೆ ನನ್ನ ಹೃದಯಕ್ಕೆ ಸಂತೋಷವಾಗುತ್ತದೆ ಎನ್ನುತ್ತಾನೆ. ಅಪ್ಪನ ಗೆರೆ ಅಲ್ಲಿಗೆ ಮುಟ್ಟಿಲ್ಲ.

ಬೆತ್ತ ಬಿಟ್ಟ ಮಾತ್ರಕ್ಕೆ ಮಾತು ತಾನಾಗಿ ಬರುವುದೂ ಇಲ್ಲ. ಅರಸ ದಾವೀದನ ಮಗ ಅದೋನೀಯನ ಕಥೆಯಲ್ಲಿ ಒಂದು ಚಿಕ್ಕ ಮಾತು ಬರುತ್ತದೆ: ನೀನು ಯಾಕೆ ಹೀಗೆ ಮಾಡಿದೆ ಎಂದು ಅವನ ತಂದೆ ಅವನನ್ನು ಎಂದೂ ಕೇಳಿ ನೋಯಿಸಿರಲಿಲ್ಲ. ಸಿಂಹಾಸನಕ್ಕೆ ಕೈಹಾಕಿದ ಮಗನ ಇಡೀ ಬಾಲ್ಯ ಆ ಒಂದು ವಾಕ್ಯದಲ್ಲಿದೆ. ಯಾಜಕನಾದ ಏಲಿಯೂ ಮಕ್ಕಳನ್ನು ಕೇಳಿದ, ಆದರೆ ಅವರು ಕೈಮೀರಿದ ಮೇಲೆ, ಊರವರು ದೂರು ಹೇಳಿದ ಮೇಲೆ. ನನ್ನ ಪೀಳಿಗೆಯ ತಂದೆತಾಯಿಗಳು ಬೆತ್ತವನ್ನು ಎಸೆದು ಅದರ ಜಾಗದಲ್ಲಿ ಮೊಬೈಲನ್ನು ಕೊಟ್ಟು, ತಾವು ಬಹಳ ಸುಧಾರಿಸಿದವರೆಂದು ತಿಳಿದುಕೊಂಡಿದ್ದೇವೆ. ನನ್ನ ಅಪ್ಪ ಹೊಡೆಯುವ ಮುಂಚೆ ಕನಿಷ್ಠ ಒಂದು ಗಂಟೆ ನಮ್ಮೊಡನೆ ಕುಳಿತಿರುತ್ತಿದ್ದರು.

ಧರ್ಮೋಪದೇಶಕಾಂಡದ 6ನೆಯ ಅಧ್ಯಾಯವು ದೇವರ ಮಾತುಗಳನ್ನು ಮಕ್ಕಳಿಗೆ ಹೇಳಬೇಕಾದ ಸಮಯಗಳನ್ನು ಹೆಸರಿಸುತ್ತದೆ: ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಸಂಡೇ ಸ್ಕೂಲು ಆ ಪಟ್ಟಿಯಲ್ಲಿಲ್ಲ. ಈ ವಾಕ್ಯ ಓದಿದಾಗಲೆಲ್ಲ, ನಮ್ಮ ಕರಾವಳಿಗೆ 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನವರ ಮಕ್ಕಳ ನೆನಪಾಗುತ್ತದೆ. ಅವರು ಇಲ್ಲಿ ಶಾಲೆ ತೆರೆದರು, ಅಚ್ಚುಕೂಟ ಹಾಕಿದರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನೂ ತಂದರು, ನಮ್ಮ ಪೂರ್ವಿಕರಿಗೆ ಮನೆಯಲ್ಲಿ ಕುಳಿತು ಪ್ರಾರ್ಥಿಸುವ ಅಭ್ಯಾಸ ಹೇಳಿಕೊಟ್ಟರು. ತಮ್ಮ ಮಕ್ಕಳನ್ನು ಮಾತ್ರ ರೋಗ, ಸಾವು, ವಿದ್ಯಾಭ್ಯಾಸಗಳ ಚಿಂತೆಯಿಂದ ಚಿಕ್ಕಂದಿನಲ್ಲೇ ಯುರೋಪಿಗೆ ಕಳುಹಿಸಿಬಿಡುತ್ತಿದ್ದರು. ಅಂಥ ಮಕ್ಕಳಿಗೆಂದೇ ಬಾಸೆಲ್‌ನಲ್ಲಿ ಒಂದು ಮನೆಯಿತ್ತು. ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಹುಟ್ಟಿದವಳು. ಅವಳನ್ನು ಎಳೆಯ ವಯಸ್ಸಿನಲ್ಲೇ ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಭಾರತಕ್ಕೆ ಮರಳಿದರು. ಅವಳು ಮತ್ತೆ ಇಲ್ಲಿಗೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಅವಳ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ಹದಿನಾಲ್ಕನೆಯ ವಯಸ್ಸಿನಲ್ಲಿ, 1892ರಲ್ಲಿ, ತನ್ನನ್ನು ಸೇರಿಸಿದ್ದ ಸೆಮಿನರಿಯಿಂದ ಅವನು ಓಡಿಹೋದ. ಒಂದಕ್ಕೊಂದು ಕಾರಣವೆಂದು ನಾನು ಹೇಳುತ್ತಿಲ್ಲ. ಬೇರೆಯವರ ಮಕ್ಕಳಿಗೆ ಮನೆಯಲ್ಲಿ ಕೂತಿರುವಾಗಲೂ ಎಂದು ಆ ವಾಕ್ಯ ಕಲಿಸಿದವರಿಗೆ ತಮ್ಮ ಮಕ್ಕಳೊಡನೆ ಕೂತಿರಲು ಮನೆಯೇ ಇರಲಿಲ್ಲವಲ್ಲ ಎಂಬ ಕಸಿವಿಸಿ ಮಾತ್ರ.

ನಮ್ಮ ಮಗಳು ಎಂಟು ವರ್ಷದವಳು; ಬಾಯಿಪಾಠವೆಂದರೆ ಅವಳಿಗೆ ಆಗದು. ಒಂದು ಸಂಜೆ ಪ್ರಾರ್ಥನೆಗೆ ಕುಳಿತಿದ್ದಾಗ ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿ ಲೊಚಗುಟ್ಟಿತು. ಅವಳ ಗಮನ ಪೂರ್ತಿ ಅಲ್ಲಿಗೆ ಹೋಯಿತು. ಗದರಿಸಬೇಕೆಂದು ಬಾಯಿ ತೆರೆದವನು, ಜ್ಞಾನೋಕ್ತಿಗಳ 30ನೆಯ ಅಧ್ಯಾಯ ನೆನಪಾಗಿ ಅದನ್ನು ತೆಗೆದು ಅವಳ ಕೈಗೆ ಕೊಟ್ಟೆ. ಭೂಮಿಯಲ್ಲಿ ಚಿಕ್ಕವಾದರೂ ಬಹಳ ಜ್ಞಾನವುಳ್ಳ ನಾಲ್ಕು ಪ್ರಾಣಿಗಳಿವೆ ಅಲ್ಲಿ. ಇರುವೆ, ಬೆಟ್ಟದ ಮೊಲ, ಮಿಡತೆ, ಕೊನೆಗೆ ಹಲ್ಲಿ: ಕೈಯಲ್ಲಿ ಹಿಡಿಯುವಷ್ಟು ಸಣ್ಣದು, ಆದರೂ ಅರಮನೆಯಲ್ಲಿ ಇರುತ್ತದೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನಮ್ಮ ಮನೆ ಅರಮನೆ ಅಲ್ಲವಲ್ಲ ಎಂದಳು. ಅದಕ್ಕೆ ಗೊತ್ತಿಲ್ಲ, ಹೇಳಬೇಡ ಎಂದ ಅಣ್ಣ. ಆ ಸಂಜೆ ಪ್ರಾರ್ಥನೆ ಅರ್ಧಕ್ಕೇ ನಿಂತಿತು, ಆದರೆ ಆ ನಾಲ್ಕು ವಾಕ್ಯಗಳು ಅವಳಿಗೆ ಈಗಲೂ ಬಾಯಿಗೆ ಬರುತ್ತವೆ.

ಅಪ್ಪ ಗೆರೆ ಎಳೆದ ವಾಕ್ಯದ ಎರಡನೆಯ ಭಾಗ ನನ್ನನ್ನು ಈಗ ಹೆಚ್ಚು ಕಾಡುತ್ತದೆ: ಮುಪ್ಪಿನಲ್ಲಿಯೂ ಓರೆಯಾಗನು. ಅದನ್ನು ನಾವು ವಾಗ್ದಾನವೆಂದು ಓದುತ್ತೇವೆ, ಆದರೆ ಪುಸ್ತಕದ ಹೆಸರೇ ಹೇಳುವಂತೆ ಅದು ಜ್ಞಾನೋಕ್ತಿ, ನಮ್ಮ ಮಾತಿನಲ್ಲಿ ಗಾದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬುದನ್ನು ಅಜ್ಜಿ ನಮ್ಮ ಮನೆಯಲ್ಲಿ ಅರ್ಧ ಹೇಳಿ, ಮೇಜಿನ ಮೇಲಿನ ಸತ್ಯವೇದದ ಕಡೆಗೆ ನೋಡಿ, ಉಳಿದರ್ಧ ನುಂಗುತ್ತಿದ್ದರು. ಗಾದೆ ಬಹಳ ಸಲ ನಿಜವಾಗುವ ಮಾತು. ಪ್ರತಿಸಲ ನಿಜವಾಗುವ ಕರಾರಲ್ಲ. 26ನೆಯ ಅಧ್ಯಾಯದ 4ನೆಯ ವಾಕ್ಯ ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎಂದರೆ, 5ನೆಯದು ಕೊಡು ಎನ್ನುತ್ತದೆ. ಅಕ್ಕಪಕ್ಕದಲ್ಲಿ ಇಟ್ಟವರಿಗೆ ಅದು ಕಾಣಲಿಲ್ಲವೆಂದಲ್ಲ; ಯಾವ ಹೊತ್ತಿಗೆ ಯಾವುದು ಎಂದು ತಿಳಿಯುವುದೇ ಜ್ಞಾನವೆಂದು ಇಟ್ಟರು. ಈ ಜ್ಞಾನೋಕ್ತಿಗಳಿಗೆ ಹೆಸರಾದ ಸೊಲೊಮೋನನ ಸ್ವಂತ ಮಗ ರೆಹಬ್ಬಾಮನು, ನನ್ನ ತಂದೆ ನಿಮ್ಮನ್ನು ಬಾರುಕೋಲಿನಿಂದ ಹೊಡೆದ, ನಾನು ಅದಕ್ಕಿಂತ ಘೋರವಾದದ್ದರಿಂದ ಹೊಡೆಯುತ್ತೇನೆ ಎಂದು ಪ್ರಜೆಗಳಿಗೆ ಹೇಳಿ ರಾಜ್ಯವನ್ನು ಎರಡಾಗಿ ಒಡೆದ. ತಂದೆಯಿಂದ ಅವನು ಕಲಿತದ್ದು ಆ ಭಾಗವನ್ನು.

ನಮ್ಮ ಸಭೆಯಲ್ಲಿ ಒಬ್ಬ ದಂಪತಿಯಿದ್ದಾರೆ, ಇಬ್ಬರೂ ಎಪ್ಪತ್ತು ದಾಟಿದವರು. ಅವರ ಒಬ್ಬನೇ ಮಗ ಚರ್ಚಿನಿಂದಲೂ ಮನೆಯಿಂದಲೂ ದೂರವಾಗಿ ವರ್ಷಗಳಾದವು. 22:6ನ್ನು ಯಾರಾದರೂ ವೇದಿಕೆಯಿಂದ ಓದಿದ ಭಾನುವಾರ ಅವರು ಆರಾಧನೆ ಮುಗಿಯುವ ಮುಂಚೆ ಎದ್ದು ಹೋಗುತ್ತಾರೆ. ಅವರು ಕುಟುಂಬ ಪ್ರಾರ್ಥನೆ ತಪ್ಪಿಸಿದವರಲ್ಲ, ನಾನು ಬಲ್ಲೆ. ಅವರಿಗೆ ಆ ವಾಕ್ಯ ವಾಗ್ದಾನವಾಗಿ ಅಲ್ಲ, ತೀರ್ಪಾಗಿ ಕೇಳಿಸುತ್ತದೆ. ಹಾಗೆ ಕೇಳಿಸುವಂತೆ ಓದಿದವರು ನಾವು.

ಮಗನಿಗೆ ಈಗ ಹದಿನಾಲ್ಕು. ಸ್ವಂತ ನಂಬಿಕೆಯನ್ನು ಸಭೆಯ ಮುಂದೆ ಒಪ್ಪಿಕೊಳ್ಳುವ ದೃಢೀಕರಣದ ತರಗತಿಗೆ ಹೆಸರು ಕೊಡಲು ಮುಂದಿನ ಭಾನುವಾರ ಕೊನೆಯ ದಿನ. ಸಭಾಪಾಲಕರು ಎರಡು ಸಲ ವಿಚಾರಿಸಿದ್ದಾರೆ, ಊರಿನಿಂದ ಅಪ್ಪ ಫೋನಿನಲ್ಲಿ ಮೂರು ಸಲ. ಕಳೆದ ವಾರ ಸ್ಕೂಟರಿನಲ್ಲಿ ಅವನು ತಾನಾಗಿ ಮಾತೆತ್ತಿದ. ಎಲ್ಲರೂ ಮಾಡ್ತಾರೆ ಅಂತ ಮಾಡೋದಾದ್ರೆ ಬೇಡ ಅನ್ಸತ್ತೆ, ಇನ್ನೊಂದು ವರ್ಷ ಬಿಟ್ಟರೆ ಆಗಲ್ವಾ ಎಂದು ಕೇಳಿದ. ಅವನೀಗ ನನ್ನಷ್ಟೇ ಎತ್ತರ; ಹಿಂದಿನಿಂದ ಬಂದ ಧ್ವನಿ ಒಡೆದ ಗಂಡುಧ್ವನಿಯಾಗಿತ್ತು. ಆಗುತ್ತದೆ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ, ಆಗುವುದಿಲ್ಲ ಎನ್ನಲು ಮನಸ್ಸು ಬರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದೆ. ಅಂದು ಸಂಜೆ 7ನೆಯ ತಾರೀಖು, ಓದುವ ಸರದಿ ನನ್ನದಿತ್ತು. ಈ ಸಲ ಮೊದಲ ಪದದಿಂದಲೇ ಓದಿದೆ. ಅವನು ಮೊಬೈಲಿನಿಂದ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿ, ಮೊಬೈಲನ್ನು ಮಗುಚಿ ನೆಲದ ಮೇಲಿಟ್ಟ.